ರಿಕಾಂಬಿನೆಂಟ್ ಡಿಎನ್‌ಎ ಕೆಲಸಕ್ಕೆ ಇಳಿಯುವ ಮುನ್ನ: ಜೀನ್ ಎಲ್ಲೆಲ್ಲಿ ತಪ್ಪಿಸಿಕೊಳ್ಳಬಹುದು ಅಂತ ಲೆಕ್ಕ ಹಾಕುವ ಬಗೆ

ರಿಕಾಂಬಿನೆಂಟ್ ಡಿಎನ್‌ಎ ಅಂದರೆ ಬೇರೆ ಬೇರೆ ಮೂಲದ ಡಿಎನ್‌ಎ ತುಂಡುಗಳನ್ನು ಕತ್ತರಿಸಿ ಜೋಡಿಸಿದ್ದು. ಈ ಕೆಲಸಕ್ಕೆ ತುಂಬಬೇಕಾದ ಬಯೋಸೇಫ್ಟಿ (ಜೈವಿಕ ಸುರಕ್ಷತೆ) ಫಾರಂ ಕೈಗೆ ಬಂದಾಗ ಬಹಳ ಜನ ಒಂದೇ ಕಾಲಂ ಕಡೆ ನೋಡುತ್ತಾರೆ: ಯಾವ ಜೀನ್ ಸೇರಿಸುತ್ತಿದ್ದೀರಿ? ಹಸಿರಾಗಿ ಹೊಳೆಯುವ ಪ್ರೋಟೀನಿನ ಜೀನ್ ಆದ ಜಿಎಫ್‌ಪಿ ಅಂತ ಬರೆದು, ಅಪಾಯ ಇಲ್ಲ ಅಂತ ಟಿಕ್ ಹಾಕಿ, ಸಹಿ ಮಾಡಿ ಕೊಟ್ಟುಬಿಡುತ್ತಾರೆ. ಜಿಎಫ್‌ಪಿ ಪಾಪದ್ದು, ನಿಜ. ಆದರೆ ಅದು ಒಂಟಿಯಾಗಿ ಇರುವುದಿಲ್ಲ ಅಲ್ವಾ? ಅದು ಒಂದು ಪ್ಲಾಸ್ಮಿಡ್ (ಬ್ಯಾಕ್ಟೀರಿಯಾದೊಳಗೆ ಪ್ರತ್ಯೇಕವಾಗಿ ಇರುವ ಸಣ್ಣ ಡಿಎನ್‌ಎ ಉಂಗುರ) ಮೇಲೆ ಕೂತಿದೆ, ಆ ಪ್ಲಾಸ್ಮಿಡ್‌ನಲ್ಲಿ ಆಂಟಿಬಯೋಟಿಕ್‌ಗೆ ಬಗ್ಗದ ಇನ್ನೊಂದು ಜೀನ್ ಇದೆ, ಪ್ಲಾಸ್ಮಿಡ್ ಒಂದು ಬ್ಯಾಕ್ಟೀರಿಯಾದ ಒಳಗಿದೆ, ಆ ಬ್ಯಾಕ್ಟೀರಿಯಾ ಫ್ಲಾಸ್ಕ್ ತುಂಬಾ ಕೋಟಿಗಟ್ಟಲೆ ಇದೆ. ಹೊರಗೆ ಹೋಗಿ ತೊಂದರೆ ಕೊಡುವ ಸಾಧ್ಯತೆ ಹೆಚ್ಚಾಗಿ ಇರುವುದು ಈ ಜೊತೆಗಾರರಿಗೆ. ಹಾಗಾಗಿ ಇಲ್ಲಿ ಜೀನ್‌ಗಿಂತ ಅದರ ಸುತ್ತಮುತ್ತ ಇರುವುದರ ಬಗ್ಗೆಯೇ ಜಾಸ್ತಿ ಹೇಳುತ್ತೇನೆ.

ಈ ಲೆಕ್ಕಾಚಾರ ಹೊಸದೇನಲ್ಲ. 1972ರಲ್ಲಿ ಪಾಲ್ ಬರ್ಗ್ ತಂಡ ಎಸ್‌ವಿ40 ಎಂಬ ಮಂಗಗಳ ವೈರಸ್‌ನ ಡಿಎನ್‌ಎಯನ್ನು ಬ್ಯಾಕ್ಟೀರಿಯಾ ಕಡೆಯ ಡಿಎನ್‌ಎ ಜೊತೆ ಜೋಡಿಸಿತು. ಎಸ್‌ವಿ40 ಪ್ರಯೋಗದ ಪ್ರಾಣಿಗಳಲ್ಲಿ ಗೆಡ್ಡೆ ತರಿಸುವ ವೈರಸ್. ಮುಂದಿನ ಹೆಜ್ಜೆ ಅದನ್ನು ಈ. ಕೋಲಿ ಒಳಗೆ ಹಾಕುವುದು. ಈ. ಕೋಲಿ ಇರುವುದೋ ಮನುಷ್ಯರ ಕರುಳಿನಲ್ಲಿ. ಅಲ್ಲಿಗೆ ಅವರು ಕೈ ತಡೆದರು. 1973ರಲ್ಲಿ ಕೋಹೆನ್ ಮತ್ತು ಬೋಯರ್ ಪ್ಲಾಸ್ಮಿಡ್ ಕತ್ತರಿಸಿ ಜೋಡಿಸಿ ಬ್ಯಾಕ್ಟೀರಿಯಾ ಒಳಗೆ ಬೆಳೆಸಿ ತೋರಿಸಿದ ಮೇಲೆ ಯಾರು ಬೇಕಾದರೂ ಇದನ್ನು ಮಾಡಬಹುದು ಅಂತಾಯಿತು. 1974ರಲ್ಲಿ ವಿಜ್ಞಾನಿಗಳೇ ಪತ್ರ ಬರೆದು ಕೆಲವು ಬಗೆಯ ಪ್ರಯೋಗಗಳನ್ನು ನಿಲ್ಲಿಸೋಣ ಅಂದರು, 1975ರ ಫೆಬ್ರವರಿಯಲ್ಲಿ ಕ್ಯಾಲಿಫೋರ್ನಿಯಾದ ಅಸಿಲೊಮಾರ್‌ನಲ್ಲಿ ಸೇರಿ ಚರ್ಚಿಸಿದರು, 1976ರಲ್ಲಿ ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯ (ಎನ್‌ಐಎಚ್) ಮಾರ್ಗಸೂಚಿ ಬಂತು. ಆವತ್ತು ಹುಟ್ಟಿದ ಎರಡು ಮಾತು ಇವತ್ತಿಗೂ ನಡೆಯುತ್ತಿವೆ. ಒಂದು, ಗೋಡೆ, ಬಾಗಿಲು, ಕ್ಯಾಬಿನೆಟ್ ಇಟ್ಟು ತಡೆಯುವುದು. ಇನ್ನೊಂದು, ಹೊರಗೆ ಹೋದರೂ ಬದುಕದಂಥ ಜೀವಿಯನ್ನೇ ಬಳಸುವುದು. ನನ್ನ ಪ್ರಕಾರ ಎರಡನೆಯದೇ ಮುಖ್ಯ, ಯಾಕೆಂದರೆ ಬಾಗಿಲು ಮುಚ್ಚಲು ಮರೆಯುವವರು ಎಲ್ಲಾ ಲ್ಯಾಬ್‌ಗಳಲ್ಲೂ ಇರುತ್ತಾರೆ.

ಮೊದಲು ದಾರಿಗಳನ್ನು ತಿಳಿದುಕೊಳ್ಳಿ

ಬ್ಯಾಕ್ಟೀರಿಯಾಗಳು ಜೀನ್‌ಗಳನ್ನು ಮಕ್ಕಳಿಗೆ ಮಾತ್ರ ಕೊಡುವುದಿಲ್ಲ, ಪಕ್ಕದವರಿಗೂ ದಾಟಿಸುತ್ತವೆ. ದಾರಿ ಮುಖ್ಯವಾಗಿ ಮೂರು. ಸತ್ತ ಕೋಶದಿಂದ ಹೊರಬಿದ್ದ ಡಿಎನ್‌ಎಯನ್ನು ಬೇರೆ ಬ್ಯಾಕ್ಟೀರಿಯಾ ನೇರವಾಗಿ ಒಳಗೆ ಎಳೆದುಕೊಳ್ಳುವುದು ಟ್ರಾನ್ಸ್‌ಫಾರ್ಮೇಶನ್. ಇದನ್ನು 1928ರಲ್ಲಿ ಗ್ರಿಫಿತ್ ನ್ಯುಮೋನಿಯಾ ಬ್ಯಾಕ್ಟೀರಿಯಾದಲ್ಲಿ ಕಂಡರು. ಎರಡು ಕೋಶಗಳು ಅಂಟಿಕೊಂಡು ಒಂದರಿಂದ ಇನ್ನೊಂದಕ್ಕೆ ಪ್ಲಾಸ್ಮಿಡ್ ಸಾಗಿಸುವುದು ಕಾಂಜುಗೇಶನ್, ಇದು 1946ರಲ್ಲಿ ಲೆಡರ್‌ಬರ್ಗ್ ಮತ್ತು ಟಾಟಮ್ ಕೆಲಸದಿಂದ ಗೊತ್ತಾಯಿತು. ಬ್ಯಾಕ್ಟೀರಿಯಾಗಳಿಗೆ ತಗಲುವ ಫೇಜ್ ವೈರಸ್ ತನ್ನ ಚಿಪ್ಪಿನೊಳಗೆ ತಪ್ಪಾಗಿ ಹಳೆಯ ಮನೆಯ ಡಿಎನ್‌ಎ ತುಂಬಿಕೊಂಡು ಹೊಸ ಮನೆಗೆ ಒಯ್ಯುವುದು ಟ್ರಾನ್ಸ್‌ಡಕ್ಷನ್, ಇದು 1952ರದ್ದು.

ಮೂರರಲ್ಲಿ ಲ್ಯಾಬಿನವರು ಹೆಚ್ಚು ತಲೆ ಕೆಡಿಸಿಕೊಳ್ಳಬೇಕಾದ್ದು ಕಾಂಜುಗೇಶನ್ ಬಗ್ಗೆ. ಜಪಾನಿನಲ್ಲಿ 1950ರ ದಶಕದ ಕೊನೆಗೆ ರಕ್ತಭೇದಿ ತರುವ ಶಿಗೆಲ್ಲಾ ಒಟ್ಟಿಗೇ ಹಲವು ಆಂಟಿಬಯೋಟಿಕ್‌ಗಳಿಗೆ ಬಗ್ಗದೆ ನಿಂತಿತು. ಒಂದೊಂದು ಔಷಧಿಗೆ ಒಂದೊಂದಾಗಿ ಹೊಂದಿಕೊಂಡಿದ್ದಲ್ಲ, ಇಡೀ ಕಟ್ಟು ಒಂದೇ ಪ್ಲಾಸ್ಮಿಡ್ ಮೇಲೆ ಈ. ಕೋಲಿಗೂ ಶಿಗೆಲ್ಲಾಗೂ ನಡುವೆ ಓಡಾಡುತ್ತಿತ್ತು. ಯಾವ ಲ್ಯಾಬೂ ಮಾಡಿದ ಕೆಲಸ ಅಲ್ಲ ಅದು, ಪ್ರಕೃತಿಯೇ ಮಾಡಿದ್ದು. ನಮ್ಮ ಪ್ಲಾಸ್ಮಿಡ್‌ಗಳು ಆ ಓಡಾಟದ ರಸ್ತೆಗೆ ಸೇರದಂತೆ ನೋಡಿಕೊಳ್ಳುವುದಷ್ಟೇ ನಮ್ಮ ಪಾಲಿನ ಕೆಲಸ.

ತಳಿಯ ಹೆಸರಿನ ಮುಂದೆ ಇರುವ ಚಿಹ್ನೆಗಳನ್ನು ಓದಿ

ಲ್ಯಾಬಿನ ಈ. ಕೋಲಿ ಬಹುತೇಕ ಕೆ-12 ವಂಶದ್ದು. 1922ರಲ್ಲಿ ಒಬ್ಬ ರೋಗಿಯ ಮಲದಿಂದ ತೆಗೆದ ಈ ತಳಿ ಅಂದಿನಿಂದ ಅಗರ್ ಪ್ಲೇಟ್ ಮೇಲೆಯೇ ಸುಖವಾಗಿ ಬೆಳೆದು ಕರುಳಿನ ಪೈಪೋಟಿಯನ್ನೇ ಮರೆತುಬಿಟ್ಟಿದೆ. ಅದರ ಹೊರಮೈ ಮೇಲಿನ ಓ-ಆಂಟಿಜನ್ ಎಂಬ ಹೊದಿಕೆಯೂ ಹೋಗಿದೆ. ಕರುಳಿಗೆ ಹೋದರೂ ಅಲ್ಲಿ ನೆಲೆಯೂರುವುದು ಕಷ್ಟ. ಡಿಎಚ್5 ಆಲ್ಫಾದಂಥ ತಳಿಯಲ್ಲಿ ರೆಕ್‌ಎ ಜೀನ್ ಕೆಟ್ಟಿರುವುದರಿಂದ ಡಿಎನ್‌ಎ ದುರಸ್ತಿ ಮಾಡಿಕೊಳ್ಳುವ ಶಕ್ತಿಯೂ ಕಡಿಮೆ, ಬೇರೆ ಡಿಎನ್‌ಎ ಜೊತೆ ಬೆರೆಯುವುದೂ ಕಡಿಮೆ. ಹಾಗಾಗಿ ಕ್ಲೋನಿಂಗ್‌ಗೆ (ಜೀನ್ ಸೇರಿಸಿ ಅದರ ಪ್ರತಿಗಳನ್ನು ಬೆಳೆಸುವುದಕ್ಕೆ) ಇದನ್ನೇ ಆರಿಸಿಕೊಳ್ಳುವುದು ಸುಮ್ನೆ ಅಭ್ಯಾಸ ಅಲ್ಲ, ಒಳ್ಳೆಯ ಸುರಕ್ಷತೆಯೂ ಹೌದು.

ಆದರೆ ಎಲ್ಲಾ ಕೆ-12 ಒಂದೇ ಅಂತ ತಿಳಿಯಬೇಡಿ. ಎಕ್ಸ್‌ಎಲ್1-ಬ್ಲೂ ಒಳಗೆ ಎಫ್-ಪ್ರೈಮ್ ಪ್ಲಾಸ್ಮಿಡ್ ಇದೆ, ಅಂದರೆ ಪಕ್ಕದ ಕೋಶಕ್ಕೆ ಸೇತುವೆ ಕಟ್ಟುವ ಸಲಕರಣೆ ಇದೆ. ಜೆಎಂ109ರಲ್ಲೂ ಎಫ್-ಪ್ರೈಮ್ ಇದೆ, ಆದರೆ ಅದರ ಟ್ರಾ-ಡಿ ಜೀನ್ ಕೆಡಿಸಿರುವುದರಿಂದ ದಾಟಿಸುವ ಸಾಮರ್ಥ್ಯ ಬಹಳ ಇಳಿದಿದೆ. ಎಸ್17-1 ತಳಿಯಂತೂ ಪ್ಲಾಸ್ಮಿಡ್ ದಾಟಿಸಲೆಂದೇ ಮಾಡಿದ್ದು, ಆರ್‌ಪಿ4 ಪ್ಲಾಸ್ಮಿಡ್‌ನ ಜೀನ್‌ಗಳು ಅದರ ಕ್ರೋಮೋಸೋಮಿನಲ್ಲೇ ಕೂತಿವೆ. ಎನ್‌ಐಎಚ್ ಮಾರ್ಗಸೂಚಿ ಕೆ-12 ಪ್ರಯೋಗಗಳಿಗೆ ಬಹಳಷ್ಟು ವಿನಾಯಿತಿ ಕೊಡುತ್ತದೆ. ಆದರೆ ಆ ವಿನಾಯಿತಿಗೆ ಒಂದು ಷರತ್ತಿದೆ: ತಳಿಯಲ್ಲಿ ಕಾಂಜುಗೇಶನ್ ಮಾಡಬಲ್ಲ ಪ್ಲಾಸ್ಮಿಡ್ ಇರಬಾರದು, ಯಾವ ಜೀನ್ ಬೇಕಾದರೂ ಹೊತ್ತೊಯ್ಯುವ ಫೇಜ್ ಕೂಡ ಇರಬಾರದು. ಈ ಷರತ್ತನ್ನು ಓದದೆ 'ನಮ್ಮದು ಕೆ-12, ಹಾಗಾಗಿ ವಿನಾಯಿತಿ' ಅಂತ ಬರೆಯುವವರು ಎಷ್ಟೋ ಜನ.

ಆಮೇಲೆ ಪ್ಲಾಸ್ಮಿಡ್. ಇಲ್ಲಿ ಕೇಳಬೇಕಾದ್ದು ಎರಡು ಪ್ರಶ್ನೆ. ಅದು ತಾನಾಗಿಯೇ ದಾಟಬಲ್ಲದೇ? ಬೇರೆ ಪ್ಲಾಸ್ಮಿಡ್ ಸಹಾಯ ಮಾಡಿದರೆ ದಾಟಬಲ್ಲದೇ? ಪಿಬಿಆರ್322 ತಾನಾಗಿ ದಾಟುವುದಿಲ್ಲ, ಆದರೆ ದಾಟಲು ಬೇಕಾದ ಬಾಮ್ ಎಂಬ ಜಾಗ ಅದರಲ್ಲಿ ಉಳಿದಿದೆ. ಬೇಕಾದ ಪ್ರೋಟೀನುಗಳನ್ನು ಬೇರೆ ಪ್ಲಾಸ್ಮಿಡ್‌ಗಳು ಒದಗಿಸಿದರೆ ಹೊರಟುಬಿಡುತ್ತದೆ. ಪಿಯುಸಿ19ರಲ್ಲಿ ಆ ಜಾಗವನ್ನೂ ತೆಗೆದುಹಾಕಿದ್ದಾರೆ. ಪ್ರೋಟೀನ್ ತಯಾರಿಸಲು ದಿನನಿತ್ಯ ಬಳಸುವ ಪಿಇಟಿ ವೆಕ್ಟರ್‌ಗಳು (ಜೀನ್ ಹೊತ್ತೊಯ್ಯುವ ಪ್ಲಾಸ್ಮಿಡ್‌ಗಳು) ಪಿಬಿಆರ್322 ಕುಲದವು, ಎಷ್ಟೋ ಪಿಇಟಿಗಳ ನಕ್ಷೆಯಲ್ಲಿ ಬಾಮ್ ಇನ್ನೂ ಇದೆ. ಹೆದರಬೇಕಾದ್ದಿಲ್ಲ, ನಕ್ಷೆ ತೆರೆದು ನೋಡಿ, ಇದ್ದರೆ ಫಾರಂನಲ್ಲಿ ಬರೆಯಿರಿ. ಬಾಮ್ ಇರುವ ಪ್ಲಾಸ್ಮಿಡ್ ಮತ್ತು ಎಫ್-ಪ್ರೈಮ್ ಇರುವ ತಳಿ, ಈ ಎರಡನ್ನೂ ಬೇಕಿಲ್ಲದೆ ಒಂದೇ ಟ್ಯೂಬಿಗೆ ಹಾಕಬೇಡಿ.

ಮಾರ್ಕರ್: ಎಲ್ಲರೂ ಮರೆಯುವ ಜೀನ್

ಯಾವ ಕೋಶಕ್ಕೆ ಪ್ಲಾಸ್ಮಿಡ್ ಹೋಗಿದೆ ಅಂತ ಗುರುತಿಸಲು ಆಂಟಿಬಯೋಟಿಕ್ ತಡೆಯುವ ಜೀನ್ ಹಾಕುತ್ತೇವೆ. ನಿಮ್ಮ ಮುಖ್ಯ ಜೀನ್ ಹೊರಗಿನ ಬ್ಯಾಕ್ಟೀರಿಯಾಗೆ ಬಹುಶಃ ಯಾವ ಪ್ರಯೋಜನಕ್ಕೂ ಬಾರದು. ಜಿಎಫ್‌ಪಿ ಹೊತ್ತುಕೊಂಡ ಬ್ಯಾಕ್ಟೀರಿಯಾಗೆ ಅದು ಬರೀ ಖರ್ಚು. ಮಾರ್ಕರ್ ಹಾಗಲ್ಲ, ಆಂಟಿಬಯೋಟಿಕ್ ಇರುವ ಜಾಗದಲ್ಲಿ ಅದು ಪ್ರಾಣ ಉಳಿಸುತ್ತದೆ. ಹಾಗಾಗಿ ಆರಿಸುವಾಗ ಆಸ್ಪತ್ರೆಗಳಲ್ಲಿ ಕೊನೆಯ ಅಸ್ತ್ರವಾಗಿ ಇಟ್ಟುಕೊಂಡಿರುವ ಔಷಧಿಗಳ ಕಡೆ ಹೋಗಲೇಬೇಡಿ. ಕಾರ್ಬಪೆನೆಮ್, ಕೊಲಿಸ್ಟಿನ್, ವ್ಯಾಂಕೊಮೈಸಿನ್ ಇವೆಲ್ಲ ಮುಟ್ಟದೇ ಇರುವುದೇ ಒಳ್ಳೆಯದು. ಆಂಪಿಸಿಲಿನ್ ತಡೆಯುವ ಜೀನ್ ಈಗಾಗಲೇ ಎಲ್ಲೆಡೆ ಹರಡಿದೆ, ಹಾಗಾಗಿ ನಿಮ್ಮ ಫ್ಲಾಸ್ಕಿನಿಂದ ಹೊಸದಾಗಿ ಸೇರುವುದು ಅಷ್ಟಕ್ಕಷ್ಟೇ. ರೋಗ ತರುವ ಒಂದು ಸೂಕ್ಷ್ಮಜೀವಿಗೆ, ಅದು ತಾನಾಗಿ ಪಡೆದಿರದ ಔಷಧ ನಿರೋಧವನ್ನು ಬೇಕೆಂತಲೇ ಕೊಡುವುದು ಅಂತಾದರೆ, ಅದು ಲ್ಯಾಬ್ ಮಟ್ಟದಲ್ಲಿ ತೀರ್ಮಾನ ಮಾಡುವ ವಿಷಯವೇ ಅಲ್ಲ. ಎನ್‌ಐಎಚ್ ಮಾರ್ಗಸೂಚಿಯಲ್ಲಿ ಅತಿ ಮೇಲಿನ ಮಟ್ಟದ ಅನುಮತಿ ಕೇಳುವುದು ಅಂಥ ಪ್ರಯೋಗಕ್ಕೇ.

ಇದೇ ಮಾತಿಗೆ ಸೇರಿದ ಇನ್ನೊಂದು ವಿಷಯ, ಉಳಿದ ಆಂಟಿಬಯೋಟಿಕ್. ಆಟೋಕ್ಲೇವ್, ಅಂದರೆ ಒತ್ತಡದ ಬಿಸಿ ಹಬೆಯ ಪಾತ್ರೆ, ಬ್ಯಾಕ್ಟೀರಿಯಾಗಳನ್ನು ಕೊಲ್ಲುತ್ತದೆ, ಆಂಪಿಸಿಲಿನ್ ಕೂಡ ಆ ಬಿಸಿಗೆ ಕೆಡುತ್ತದೆ. ಕನಾಮೈಸಿನ್ ಕೆಡುವುದಿಲ್ಲ, ಬಿಸಿ ತಡೆದುಕೊಳ್ಳುತ್ತದೆ. ಅದನ್ನು ಚರಂಡಿಗೆ ಸುರಿದರೆ ಅಲ್ಲಿನ ಬ್ಯಾಕ್ಟೀರಿಯಾಗಳಲ್ಲಿ ನಿರೋಧ ಇರುವವುಗಳನ್ನೇ ಸಾಕಿದ ಹಾಗಾಗುತ್ತದೆ. ಅದಕ್ಕೇ ಕನಾಮೈಸಿನ್ ಇರುವ ಮೀಡಿಯಾವನ್ನು (ಬ್ಯಾಕ್ಟೀರಿಯಾ ಬೆಳೆಸುವ ಪೋಷಕ ದ್ರವವನ್ನು) ಬೇರೆಯಾಗಿ, ರಾಸಾಯನಿಕ ತ್ಯಾಜ್ಯದ ಜೊತೆ ಕೊಡಿ.

ಪ್ರಮಾಣದ ಲೆಕ್ಕ ಮಾಡಿ, ಕಾಗದದ ಮೇಲೆ

'ಇಂಥದ್ದು ಆಗುವುದು ಹತ್ತು ಕೋಟಿಯಲ್ಲಿ ಒಂದು ಸಲ' ಅಂತ ಓದಿದಾಗ ಮನಸ್ಸಿಗೆ ನೆಮ್ಮದಿ ಆಗುತ್ತದೆ. ಆದರೆ ರಾತ್ರಿಯಿಡೀ ಬೆಳೆದ ಈ. ಕೋಲಿಯಲ್ಲಿ ಒಂದು ಮಿಲಿಲೀಟರಿಗೆ ಸುಮಾರು 100 ಕೋಟಿ ಕೋಶ ಇರುತ್ತವೆ. ಒಂದು ಲೀಟರಿನಲ್ಲಿ ಒಂದು ಲಕ್ಷ ಕೋಟಿ. ಹತ್ತು ಕೋಟಿಗೆ ಒಂದರಂತೆ ಭಾಗಿಸಿ ನೋಡಿ, 10,000 ಕೋಶಗಳಲ್ಲಿ ಆ ಅಪರೂಪದ ಘಟನೆ ನಡೆದಿರುತ್ತದೆ. ಎನ್‌ಐಎಚ್ ಮಾರ್ಗಸೂಚಿ 10 ಲೀಟರ್ ದಾಟಿದರೆ ಬೇರೆ ನಿಯಮ ಹಾಕುವುದೂ ಪ್ರಮಾಣದ ಮೇಲೆ ಕಣ್ಣಿಟ್ಟೇ.

ಹೊರಗೆ ಹೋದ ಕೋಶ ತಾನಾಗಿ ಸಾಯುವಂತೆ ಮಾಡುವ ಕಿಲ್ ಸ್ವಿಚ್ ಬಗ್ಗೆ ನಾನು ಅನುಮಾನ ಪಡುವುದೂ ಇದೇ ಲೆಕ್ಕದಿಂದ. 1976ರಲ್ಲಿ ರಾಯ್ ಕರ್ಟಿಸ್ ಕೈ1776 (χ1776) ಎಂಬ ಕುಂಟ ತಳಿ ಮಾಡಿದರು. ಡೈಅಮಿನೊಪಿಮೆಲಿಕ್ ಆಮ್ಲ ಮತ್ತು ಥೈಮಿಡಿನ್ ತಿನ್ನಿಸದಿದ್ದರೆ ಅದು ಬದುಕುತ್ತಿರಲಿಲ್ಲ. ಸುರಕ್ಷಿತ ಹೌದು, ಆದರೆ ಸಾಕುವುದೇ ಒಂದು ಶಿಕ್ಷೆಯಂತಾಗಿ ಜನ ಕೈಬಿಟ್ಟರು. ಈಗ ವಿಷದ ಜೀನ್ ಹಾಕಿ, ಹೊರಗೆ ಹೋದರೆ ಸಾಯಲಿ ಅಂತ ಮಾಡುತ್ತಾರೆ, ಆದರೆ ಆ ವಿಷದ ಜೀನ್‌ನಲ್ಲಿ ಒಂದೇ ಒಂದು ಅಕ್ಷರ ಕೆಟ್ಟರೂ ಕೋಶ ಬಚಾವ್. ಲಕ್ಷ ಕೋಟಿ ಕೋಶಗಳಲ್ಲಿ ಅಂಥದ್ದು ಆಗಿಯೇ ಆಗುತ್ತದೆ. 2015ರಲ್ಲಿ ಬಂದ ದಾರಿ ಇದಕ್ಕಿಂತ ಗಟ್ಟಿ: ಪ್ರಕೃತಿಯಲ್ಲಿ ಸಿಗದ ಅಮೈನೋ ಆಮ್ಲ ಇಲ್ಲದೆ ತನ್ನ ಅಗತ್ಯ ಪ್ರೋಟೀನುಗಳನ್ನೇ ಕಟ್ಟಲಾಗದಂತೆ ಈ. ಕೋಲಿಯ ಸಂಕೇತವನ್ನು ತಿದ್ದಿದರು. ಹಾಗೆ ಒಂದಲ್ಲ, ಹಲವು ಕಡೆ ಕಟ್ಟಿಹಾಕಿದಾಗ ತಪ್ಪಿಸಿಕೊಂಡವು ಪತ್ತೆಯಾಗುವ ಮಟ್ಟಕ್ಕಿಂತ ಕೆಳಗೆ ಇಳಿದವು. ನಿಮ್ಮ ಬಳಿ ಅಂಥ ತಳಿ ಇಲ್ಲದಿದ್ದರೆ ಕಿಲ್ ಸ್ವಿಚ್ ಅನ್ನು ಎರಡನೇ ಬೀಗ ಅಂತ ಎಣಿಸಿ, ಮೊದಲನೆಯದು ಅಂತಲ್ಲ.

ಬೆಂಚಿನ ಮೇಲಿನ ಕೆಲಸ

ಬಾಯಿಂದ ಪಿಪೆಟ್ ಎಳೆಯಬಾರದು, ಲ್ಯಾಬಿನಲ್ಲಿ ತಿನ್ನಬಾರದು, ಹೊರಡುವಾಗ ಕೈ ತೊಳೆಯಬೇಕು. ಇವು ಗೊತ್ತಿರುವವೇ, ಮುಂದೆ ಹೋಗೋಣ.

ಲ್ಯಾಮಿನಾರ್ ಫ್ಲೋ ಮತ್ತು ಬಯೋಸೇಫ್ಟಿ ಕ್ಯಾಬಿನೆಟ್ ಒಂದೇ ಥರ ಕಾಣುತ್ತವೆ. ಮಾಡುವ ಕೆಲಸ ಬೇರೆ. ಲ್ಯಾಮಿನಾರ್ ಫ್ಲೋ ಶುದ್ಧ ಗಾಳಿಯನ್ನು ನಿಮ್ಮ ಕಡೆಗೇ ಊದುತ್ತದೆ, ಪ್ಲೇಟ್ ಚೆನ್ನಾಗಿರುತ್ತದೆ, ಪ್ಲೇಟಿನಲ್ಲಿದ್ದದ್ದು ನಿಮ್ಮ ಮುಖಕ್ಕೆ ಬರುತ್ತದೆ. ವೈರಲ್ ವೆಕ್ಟರ್ (ಜೀನ್ ಹೊತ್ತೊಯ್ಯಲು ಬಳಸುವ ವೈರಸ್) ಅಥವಾ ರೋಗಕಾರಕ ಏನಾದರೂ ಇದ್ದರೆ ಕ್ಲಾಸ್ 2 ಬಯೋಸೇಫ್ಟಿ ಕ್ಯಾಬಿನೆಟ್ ಒಳಗೇ ಕೆಲಸ. ವೋರ್ಟೆಕ್ಸ್ ಮಾಡುವುದು, ಸೋನಿಕೇಟ್ ಮಾಡುವುದು, ಸೆಂಟ್ರಿಫ್ಯೂಜ್ ಮುಗಿದ ತಕ್ಷಣ ಮುಚ್ಚಳ ತೆರೆಯುವುದು, ಪಿಪೆಟ್ಟಿನ ಕೊನೆಯ ಹನಿಯನ್ನು ಗುಳ್ಳೆ ಬರುವಂತೆ ಊದುವುದು, ಇವೆಲ್ಲ ಕಣ್ಣಿಗೆ ಕಾಣದ ತುಂತುರು ಎಬ್ಬಿಸುತ್ತವೆ. ಸ್ವಲ್ಪ ಕಾದು ಮುಚ್ಚಳ ತೆರೆದರೆ ಕಳೆದುಕೊಳ್ಳುವುದೇನೂ ಇಲ್ಲ.

ತ್ಯಾಜ್ಯದ ವಿಷಯಕ್ಕೆ ಬಂದರೆ, ಆಟೋಕ್ಲೇವ್ ಟೇಪಿನ ಮೇಲೆ ಕಪ್ಪು ಗೆರೆ ಬಂತು ಅಂದರೆ ಟೇಪಿಗೆ ಬಿಸಿ ತಗಲಿತು ಅಂತ ಮಾತ್ರ ಅರ್ಥ. ಚೀಲದ ಹೊಟ್ಟೆಯೊಳಗೆ ಏನಾಯಿತು ಅಂತ ಅದಕ್ಕೆ ಗೊತ್ತಿಲ್ಲ. 121 ಡಿಗ್ರಿ, 15 ಪಿಎಸ್‌ಐ ಸರಿ, ಆದರೆ ತುಂಬಿದ ಚೀಲಕ್ಕೆ 15 ನಿಮಿಷ ಸಾಲದು, 30ರಿಂದ 60 ನಿಮಿಷ ಬೇಕು. ಚೀಲದ ಬಾಯಿ ಬಿಗಿಯಾಗಿ ಕಟ್ಟಿದರೆ ಹಬೆ ಒಳಗೆ ಹೋಗುವುದಿಲ್ಲ. ಮುಕ್ಕಾಲಿಗಿಂತ ಕಡಿಮೆ ತುಂಬಿ, ಬಾಯಿ ಸಡಿಲ ಬಿಡಿ, ಒಳಗೆ ಬರೀ ಒಣ ಪ್ಲಾಸ್ಟಿಕ್ ಇದ್ದರೆ ಸ್ವಲ್ಪ ನೀರು ಹಾಕಿ. ಜಿಯೋಬ್ಯಾಸಿಲಸ್ ಸ್ಟಿಯರೋಥರ್ಮೊಫಿಲಸ್ ಬೀಜಾಣುಗಳಿರುವ ಸೂಚಕವನ್ನು ಆಗಾಗ ಚೀಲದ ನಡುವಿಟ್ಟು ಪರೀಕ್ಷಿಸಿ. ಬಿಸಿಗೆ ಅಷ್ಟು ಸುಲಭಕ್ಕೆ ಸಾಯದ ಅದು ಸತ್ತಿದ್ದರೆ ಉಳಿದವೂ ಸತ್ತಿವೆ.

ದ್ರವಕ್ಕೆ ಬ್ಲೀಚ್. ಮನೆಗೆ ಮಾರುವ ಸುಮಾರು 5 ಶೇಕಡಾ ಬ್ಲೀಚ್ ಒಂದು ಪಾಲಿಗೆ ಒಂಬತ್ತು ಪಾಲು ಕಲ್ಚರ್ ಲೆಕ್ಕದಲ್ಲಿ ಬೆರೆಸಿ, ಕೊನೆಗೆ ಅರ್ಧ ಶೇಕಡಾ ಆಗುವಂತೆ ನೋಡಿಕೊಂಡು 30 ನಿಮಿಷ ಬಿಡಿ. ಕಳೆದ ತಿಂಗಳು ತೆಳು ಮಾಡಿಟ್ಟ ಬಾಟಲಿ ಕೆಲಸಕ್ಕೆ ಬಾರದು, ಬ್ಲೀಚ್ ಕ್ರಮೇಣ ಸತ್ವ ಕಳೆದುಕೊಳ್ಳುತ್ತದೆ. ಬ್ಲೀಚ್ ಹಾಕಿದ್ದನ್ನು ಆಟೋಕ್ಲೇವ್‌ಗೆ ಇಡಬೇಡಿ, ಆಮ್ಲದ ಜೊತೆ ಬೆರೆಸಬೇಡಿ, ಕ್ಲೋರಿನ್ ಬರುತ್ತದೆ. ಇನ್ನು ಎಲ್ಲರ ಅಚ್ಚುಮೆಚ್ಚಿನ 70 ಶೇಕಡಾ ಆಲ್ಕೋಹಾಲ್ ಕೋಶಗಳನ್ನು ಕೊಲ್ಲುತ್ತದೆ, ಡಿಎನ್‌ಎಯನ್ನು ಒಡೆಯುವುದಿಲ್ಲ. ಅಂದರೆ ಆಲ್ಕೋಹಾಲ್‌ನಿಂದ ಒರೆಸಿದ ಬೆಂಚಿನ ಮೇಲೆ ಪ್ಲಾಸ್ಮಿಡ್ ಇನ್ನೂ ಕೂತಿರಬಹುದು. ಜೀನ್ ವರ್ಗಾವಣೆಯ ಚಿಂತೆ ಇದ್ದರೆ ಬ್ಲೀಚೇ ಸರಿ, ಅದು ಡಿಎನ್‌ಎಯನ್ನೂ ಕೆಡಿಸುತ್ತದೆ.

ಕಲ್ಚರ್ ಚೆಲ್ಲಿದರೆ ಗಾಬರಿಯಿಂದ ತಕ್ಷಣ ಒರೆಸಲು ಹೋಗಬೇಡಿ. ಅಕ್ಕಪಕ್ಕದವರಿಗೆ ಹೇಳಿ, ದೊಡ್ಡದಾಗಿ ಚೆಲ್ಲಿದ್ದರೆ ಕೋಣೆ ಬಿಟ್ಟು ತುಂತುರು ಇಳಿಯಲು ಅರ್ಧ ಗಂಟೆ ಕೊಡಿ. ಆಮೇಲೆ ಕೈಗವಸು ಹಾಕಿ, ಚೆಲ್ಲಿದ್ದರ ಮೇಲೆ ಕಾಗದ ಹಾಸಿ, ಬ್ಲೀಚನ್ನು ಹೊರ ಅಂಚಿನಿಂದ ನಡುವಿಗೆ ಸುರಿಯುತ್ತಾ ಬನ್ನಿ. ಒಡೆದ ಗಾಜನ್ನು ಇಕ್ಕಳದಿಂದಲೇ ಎತ್ತಿ.

ವೈರಲ್ ವೆಕ್ಟರ್ ಬಳಸುವವರಿಗೆ

ಇಲ್ಲಿ ಜೀನ್ ದಾಟುವುದು ಆಕಸ್ಮಿಕ ಅಲ್ಲ, ದಾಟಿಸುವುದೇ ಉದ್ದೇಶ. ಹಾಗಾಗಿ ನಿಮ್ಮ ಬೆರಳಿಗೆ ಸೂಜಿ ಚುಚ್ಚಿದರೆ ಏನಾಗುತ್ತದೆ ಅನ್ನುವುದೇ ಮೊದಲ ಪ್ರಶ್ನೆ. ಲೆಂಟಿವೈರಸ್ (ಎಚ್‌ಐವಿ ಸೇರಿರುವ ಗುಂಪಿನ ವೈರಸ್) ಬಳಸುವುದಾದರೆ ಮೂರನೇ ಪೀಳಿಗೆಯದನ್ನು ಆರಿಸಿ: ವೈರಸ್‌ಗೆ ಬೇಕಾದ ಜೀನ್‌ಗಳು ನಾಲ್ಕು ಪ್ಲಾಸ್ಮಿಡ್‌ಗಳಲ್ಲಿ ಹಂಚಿಹೋಗಿರುತ್ತವೆ, ಎಲ್ಲವೂ ಮತ್ತೆ ಒಂದಾಗಿ ಹರಡಬಲ್ಲ ವೈರಸ್ ಆಗುವ ಸಾಧ್ಯತೆ ತೀರಾ ಕಡಿಮೆ. ಆದರೆ ವಿಎಸ್‌ವಿ-ಜಿ ಎಂಬ, ಬೇರೊಂದು ವೈರಸ್‌ನ ಪ್ರೋಟೀನಿನ ಹೊದಿಕೆ ಹಾಕಿದ ವೆಕ್ಟರ್ ಮನುಷ್ಯರ ಬಹಳಷ್ಟು ಬಗೆಯ ಕೋಶಗಳಿಗೆ ನುಗ್ಗಬಲ್ಲದು ಅನ್ನುವುದು ನೆನಪಿರಲಿ. ಹರಡದೇ ಇರಬಹುದು, ಆದರೆ ಒಮ್ಮೆ ನಿಮ್ಮ ಕೋಶಕ್ಕೆ ಹೋದರೆ ಅಲ್ಲಿನ ಡಿಎನ್‌ಎಗೆ ಸೇರಿಕೊಂಡು ಅಲ್ಲೇ ಉಳಿಯುತ್ತದೆ. ಒಳಗಿರುವುದು ಕ್ಯಾನ್ಸರ್ ಜೀನೋ, ಕ್ಯಾನ್ಸರ್ ತಡೆಯುವ ಮಾನವ ಜೀನನ್ನು ಕತ್ತರಿಸುವ ಕ್ರಿಸ್ಪರ್ ಎಂಬ ಜೀನ್ ಕತ್ತರಿಯೋ ಆಗಿದ್ದರೆ ಒಂದು ಮಟ್ಟ ಜಾಸ್ತಿ ಎಚ್ಚರಿಕೆ ಹಾಕಿಕೊಳ್ಳಿ.

ಎಲ್ಲಿ ಸೇರಿಕೊಳ್ಳುತ್ತದೆ ಅನ್ನುವುದು ಎಷ್ಟು ದೊಡ್ಡ ವಿಷಯ ಅಂತ ಪ್ಯಾರಿಸ್ ಮತ್ತು ಲಂಡನ್ನಿನ ಎಕ್ಸ್-ಎಸ್‌ಸಿಐಡಿ ಚಿಕಿತ್ಸೆ ತೋರಿಸಿತು. ಹುಟ್ಟಿನಿಂದಲೇ ರೋಗನಿರೋಧ ಇಲ್ಲದ ಮಕ್ಕಳಿಗೆ ಗಾಮಾರೆಟ್ರೋವೈರಸ್ ಮೂಲಕ ಸರಿಯಾದ ಜೀನ್ ಕೊಟ್ಟರು. ಚಿಕಿತ್ಸೆ ಫಲಿಸಿತು. ಆದರೆ 20 ಮಕ್ಕಳಲ್ಲಿ 5 ಮಕ್ಕಳಿಗೆ ಮುಂದೆ ರಕ್ತದ ಕ್ಯಾನ್ಸರ್ ಬಂತು, ಹೆಚ್ಚಿನವರಲ್ಲಿ ವೆಕ್ಟರ್ ಎಲ್‌ಎಂಒ2 ಎಂಬ ಜೀನ್ ಪಕ್ಕದಲ್ಲಿ ಕೂತು ಅದನ್ನು ಎಬ್ಬಿಸಿತ್ತು. ಕೊಟ್ಟ ಜೀನ್ ಸರಿಯಾಗಿಯೇ ಇತ್ತು, ಕೂತ ಜಾಗ ಮತ್ತು ಹೊತ್ತ ವಾಹನ ತೊಂದರೆ ಕೊಟ್ಟವು. ಸೂಜಿಗೆ ಮುಚ್ಚಳ ವಾಪಸ್ ಹಾಕಬೇಡಿ ಅಂತ ಹಿರಿಯರು ಬೈಯುವುದು ಇದಕ್ಕೇ. ಅಡೆನೋವೈರಸ್ ಬಳಸುವವರು ಇನ್ನೊಂದು ನೋಡಬೇಕು: ವೈರಸ್ ಹೆಚ್ಚಲು ಬೇಕಾದ, ವೆಕ್ಟರ್‌ನಿಂದ ತೆಗೆದ ಇ1 ಭಾಗ, ವೆಕ್ಟರ್ ಬೆಳೆಸುವ ಎಚ್‌ಇಕೆ293 ಎಂಬ ಮಾನವ ಕೋಶಗಳ ಒಳಗೆ ಇದ್ದೇ ಇದೆ, ಬೆಳೆಸುವಾಗ ಎರಡೂ ಬೆರೆತು ಮತ್ತೆ ಪೂರ್ತಿ ವೈರಸ್ ಆಗಬಹುದು. ಪ್ರತಿ ಬ್ಯಾಚ್ ಪರೀಕ್ಷಿಸಿ.

ಗಿಡಗಳು, ಪರಾಗ, ಕಳೆ

ಕುಲಾಂತರಿ ಗಿಡದ ಆಂಟಿಬಯೋಟಿಕ್ ಮಾರ್ಕರ್ ಮಣ್ಣಿನ ಬ್ಯಾಕ್ಟೀರಿಯಾಗೆ ಹೋಗುತ್ತದೆ ಅನ್ನುವ ಭಯ ಬಹಳ ದಿನದಿಂದ ಇದೆ. 1998ರಲ್ಲಿ ಅಸಿನೆಟೊಬ್ಯಾಕ್ಟರ್ ಎಂಬ, ಡಿಎನ್‌ಎ ನುಂಗುವುದರಲ್ಲಿ ನಿಪುಣ ಬ್ಯಾಕ್ಟೀರಿಯಾ ಗಿಡದ ಡಿಎನ್‌ಎಯಿಂದ ಕನಾಮೈಸಿನ್ ನಿರೋಧದ ಜೀನ್ ತೆಗೆದುಕೊಂಡಿದ್ದನ್ನು ಲ್ಯಾಬಿನಲ್ಲಿ ತೋರಿಸಿದರು. ಆದರೆ ಅದು ಆಗಲು ಆ ಬ್ಯಾಕ್ಟೀರಿಯಾದೊಳಗೆ ಅದೇ ಜೀನ್‌ನ ಮುರಿದ ತುಂಡು ಮೊದಲೇ ಇರಬೇಕಿತ್ತು. ಹೋಲಿಕೆ ಇಲ್ಲದ ಡಿಎನ್‌ಎ ಒಳಗೆ ಹೋದರೂ ನೆಲೆಯೂರುವುದು ಅತಿ ಅಪರೂಪ. ನನ್ನನ್ನು ಕೇಳಿದರೆ ಇದಕ್ಕೆ ಜನ ಬೇಕಾದ್ದಕ್ಕಿಂತ ಜಾಸ್ತಿ ಹೆದರುತ್ತಾರೆ, ಪರಾಗಕ್ಕೆ ಹೆದರಬೇಕಾದಷ್ಟು ಹೆದರುವುದಿಲ್ಲ.

ಅಮೆರಿಕದ ಓರೆಗಾನ್‌ನಲ್ಲಿ ಗ್ಲೈಫೋಸೇಟ್ ಕಳೆನಾಶಕಕ್ಕೆ ಬಗ್ಗದ ಬೆಂಟ್‌ಗ್ರಾಸ್ ಹುಲ್ಲನ್ನು ಪ್ರಯೋಗಕ್ಕೆ ಬೆಳೆದರು. 2004ರ ವರದಿಯ ಪ್ರಕಾರ ಅದರ ಪರಾಗ 21 ಕಿಲೋಮೀಟರ್ ದೂರದ ಹುಲ್ಲಿನವರೆಗೂ ಜೀನ್ ತಲುಪಿಸಿತ್ತು. ಹುಲ್ಲಿನ ಪರಾಗ ಗಾಳಿಗೆ ಹಾರುತ್ತದೆ, ಅದರ ನೆಂಟರು ಸುತ್ತಮುತ್ತ ಎಲ್ಲೆಡೆ ಇರುತ್ತಾರೆ. ಹಾಗಾಗಿ ಹೊಲಕ್ಕೆ ಹೋಗುವ ಮುನ್ನ ಪಟ್ಟಿ ಮಾಡಬೇಕಾದ್ದು: ಈ ಬೆಳೆ ತನ್ನದೇ ಪರಾಗದಿಂದ ಕಾಯಿ ಕಟ್ಟುತ್ತದೋ, ಗಾಳಿ ಅಥವಾ ಜೇನು ಬೇಕೋ? ಸುತ್ತ ಅದರ ಕಾಡು ನೆಂಟ ಇದೆಯೋ? ಭತ್ತಕ್ಕೆ ಕಳೆಭತ್ತ ಇದೆ, ಜೋಳಕ್ಕೆ ಜಾನ್ಸನ್ ಹುಲ್ಲು ಇದೆ, ಸೂರ್ಯಕಾಂತಿಗೆ ಕಾಡು ಸೂರ್ಯಕಾಂತಿ ಇದೆ. ಹೂ ಬಿಡುವ ಕಾಲ ಹೊಂದುತ್ತದೋ? ಹುಟ್ಟಿದ ಮಿಶ್ರ ಗಿಡ ಮತ್ತೆ ಬೀಜ ಕೊಡುತ್ತದೋ?

ಇವೆಲ್ಲಕ್ಕೂ ಹೌದು ಅಂತ ಬಂದರೆ, ಆ ಜೀನ್ ಕಾಡುಗಿಡಕ್ಕೆ ಲಾಭವೋ ಅಂತ ಕೇಳಿ. ಕಳೆನಾಶಕ ತಡೆಯುವ ಜೀನ್ ಸಿಂಪಡಣೆ ಇಲ್ಲದ ಕಾಡಿನಲ್ಲಿ ವ್ಯರ್ಥ. ಹುಳ ತಡೆಯುವ ಜೀನ್ ಹಾಗಲ್ಲ. 2003ರಲ್ಲಿ ಹುಳ ಕೊಲ್ಲುವ ಬಿಟಿ ಜೀನ್ ಸೇರಿದ ಕಾಡು ಸೂರ್ಯಕಾಂತಿಗಳನ್ನು ಪರೀಕ್ಷಿಸಿದಾಗ ಹುಳದ ಕಾಟ ಕಡಿಮೆಯಾಗಿ ಬೀಜ ಹೆಚ್ಚು ಬಂತು. ಬರ ತಡೆಯುವ ಜೀನ್‌ಗೂ ಇದೇ ಪ್ರಶ್ನೆ ಕೇಳಬೇಕು.

ತಡೆಯುವ ಉಪಾಯಗಳು ಹಲವು, ಯಾವುದೂ ಪೂರ್ತಿ ಅಲ್ಲ. ಅಂತರ ಬಿಡುವುದು, ಸುತ್ತ ಸಾಮಾನ್ಯ ತಳಿಯ ಸಾಲು ಹಾಕುವುದು, ಹೂವಿಗೆ ಚೀಲ ಕಟ್ಟುವುದು, ಬಿತ್ತನೆ ಸಮಯ ಬದಲಿಸುವುದು. ಜೀನನ್ನು ಕ್ಲೋರೋಪ್ಲಾಸ್ಟ್‌ಗೆ (ಗಿಡದ ಕೋಶದ ಹಸಿರು ಕಣಕ್ಕೆ) ಹಾಕಿದರೆ ಹೆಚ್ಚಿನ ಬೆಳೆಗಳಲ್ಲಿ ಪರಾಗದ ಮೂಲಕ ಹೋಗುವುದು ಬಹಳ ಕಡಿಮೆಯಾಗುತ್ತದೆ, ಯಾಕೆಂದರೆ ಅದು ತಾಯಿ ಕಡೆಯಿಂದ ಬರುತ್ತದೆ. ಬೇಡದ ಡಿಎನ್‌ಎ ತುಂಡನ್ನು ಕತ್ತರಿಸುವ ಕ್ರೀ-ಲಾಕ್ಸ್ ವಿಧಾನ ಬಳಸಿ ಮಾರ್ಕರ್ ಕತ್ತರಿಸಿ ತೆಗೆದುಬಿಟ್ಟರೆ ಒಂದು ಚಿಂತೆ ಪೂರ್ತಿ ಕಡಿಮೆ.

ಆಹಾರಕ್ಕೆ ಹೋಗುವ ಬೆಳೆಯಾದರೆ ಅಲರ್ಜಿಯನ್ನು ಮೊದಲೇ ನೋಡಿ. ಸೋಯಾದ ಪೌಷ್ಟಿಕತೆ ಹೆಚ್ಚಿಸಲು ಬ್ರೆಜಿಲ್ ನಟ್‌ನ ಒಂದು ಪ್ರೋಟೀನ್ ಜೀನ್ ಹಾಕಿದ್ದರು. ಆ ಬೀಜಕ್ಕೆ ಅಲರ್ಜಿ ಇದ್ದವರ ರಕ್ತದ ಸೀರಂ ಹೊಸ ಸೋಯಾ ಜೊತೆ ಪರೀಕ್ಷಿಸಿದಾಗ ಅದು ಪ್ರತಿಕ್ರಿಯಿಸಿತು. 1996ರಲ್ಲಿ ಫಲಿತಾಂಶ ಪ್ರಕಟವಾಯಿತು, ಆ ಸೋಯಾ ಮಾರುಕಟ್ಟೆಗೆ ಬರಲೇ ಇಲ್ಲ. ಪರೀಕ್ಷೆ ಮಾಡಿದ್ದರಿಂದ ಗೊತ್ತಾಯಿತು, ಅಷ್ಟೇ.

ಕೊಯ್ಲು ಮುಗಿದ ಮೇಲೂ ಹೊಲ ನಿಮ್ಮದೇ ಜವಾಬ್ದಾರಿ. ಉದುರಿದ ಬೀಜ ಮುಂದಿನ ಹಂಗಾಮಿನಲ್ಲಿ ತಾನಾಗಿ ಮೊಳೆಯುತ್ತದೆ. ಕೆನಡಾದ ಕನೋಲಾ (ಎಣ್ಣೆಬೀಜದ ಬೆಳೆ) ಹೊಲಗಳಲ್ಲಿ ಹೀಗೆ ಎದ್ದ ಗಿಡಗಳು ಅಕ್ಕಪಕ್ಕದ ತಳಿಗಳ ಜೊತೆ ಬೆರೆತು ಒಂದಕ್ಕಿಂತ ಹೆಚ್ಚು ಕಳೆನಾಶಕಗಳಿಗೆ ಬಗ್ಗದಂತಾದವು. ಹಾಗಾಗಿ ಪ್ರಯೋಗದ ಯೋಜನೆಯಲ್ಲೇ ಮುಂದಿನ ಹಂಗಾಮುಗಳಲ್ಲಿ ಹೊಲ ಸುತ್ತಿ ಇಂಥ ಗಿಡ ಕೀಳುವವರು ಯಾರು, ಎಷ್ಟು ದಿನಕ್ಕೊಮ್ಮೆ, ಕಿತ್ತದ್ದನ್ನು ಎಲ್ಲಿ ಸುಡುತ್ತಾರೆ ಅಂತ ಬರೆದಿಡಿ. ಲ್ಯಾಬಿನ ಫ್ರೀಜರಿಗೂ ಇದೇ ನಿಯಮ: ಪ್ರತಿ ಟ್ಯೂಬಿನ ಮೇಲೆ ತಳಿ, ಪ್ಲಾಸ್ಮಿಡ್, ಮಾರ್ಕರ್, ತಾರೀಕು, ಮಾಡಿದವರ ಹೆಸರು ಇರಲಿ. ಬರೀ 'ಕ್ಲೋನ್ 3' ಅಂತ ಇರುವ, ಯಾರದು ಅಂತ ಯಾರಿಗೂ ಗೊತ್ತಿಲ್ಲದ ಟ್ಯೂಬುಗಳನ್ನು ಎತ್ತಿ ಆಟೋಕ್ಲೇವ್‌ಗೆ ಹಾಕಿಬಿಡಿ.